ಪ್ರತಿಜ್ಞೆಯ ಮಾತು, ಪ್ರಾರ್ಥನೆಯ ಸಾಲು: ಸ್ಕೌಟ್ ಚಳವಳಿ ಮತ್ತು ದೇವರನ್ನೊಪ್ಪದ ಮಕ್ಕಳು

ಸ್ಕೌಟ್ ದಳಕ್ಕೆ ಹೊಸಬನೊಬ್ಬ ದೀಕ್ಷೆ ಪಡೆಯುವುದನ್ನು ಹತ್ತಿರದಿಂದ ಕಂಡವರಿಗೆ ಆ ಮೂರು ಬೆರಳು ನೆನಪಿರುತ್ತವೆ. ಬಲಗೈಯ ಕಿರುಬೆರಳನ್ನು ಹೆಬ್ಬೆರಳಿನಿಂದ ಮಡಿಸಿ ಹಿಡಿದು, ನಡುವಿನ ಮೂರನ್ನು ನೆಟ್ಟಗೆ ನಿಲ್ಲಿಸಿ, ಅಂಗೈಯನ್ನು ಎದುರಿಗೆ ತೋರಿಸುತ್ತ ಹುಡುಗ ಪ್ರತಿಜ್ಞೆ ಹೇಳುತ್ತಾನೆ. ಬಾಯಿಪಾಠ ಮಾಡಿದ್ದು ಎಲ್ಲಿ ತಪ್ಪೀತೋ ಎಂಬ ಅಳುಕು ಮುಖದ ಮೇಲೆ. ಕೊರಳಿಗೆ ಬೀಳಬೇಕಾದ ಸ್ಕಾರ್ಫು ಇನ್ನೂ ಸ್ಕೌಟ್ ಮಾಸ್ಟರರ ಕೈಯಲ್ಲಿ. ಮೂರು ಬೆರಳಿಗೂ ಅರ್ಥವಿದೆ: ದೇವರಿಗೂ ದೇಶಕ್ಕೂ ಸಲ್ಲಬೇಕಾದ ಕರ್ತವ್ಯ ಒಂದು, ಇತರರಿಗೆ ನೆರವಾಗುವುದು ಎರಡು, ಸ್ಕೌಟ್ ನಿಯಮ ಪಾಲಿಸುವುದು ಮೂರು. ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಸಂಸ್ಥೆಯ ಪ್ರತಿಜ್ಞೆಯಲ್ಲಿ ‘ದೇವರು’ ಎಂಬ ಮಾತಿಗೆ ಒಂದು ಅಡಿಟಿಪ್ಪಣಿ ಉಂಟು. ಇಷ್ಟವಿದ್ದವರು ‘ದೇವರು’ ಎನ್ನುವ ಬದಲು ‘ಧರ್ಮ’ ಎನ್ನಬಹುದು ಎಂದು ಅದು ಹೇಳುತ್ತದೆ.

ಈ ಬರಹ ಆ ಅಡಿಟಿಪ್ಪಣಿಯ ಬಗ್ಗೆ. ಅದಕ್ಕಿಂತ ಹೆಚ್ಚಾಗಿ, ಅದರ ಕೈಗೆ ಎಟುಕದೆ ಉಳಿದ ಒಂದು ಸಂಗತಿಯ ಬಗ್ಗೆ. ಮಕ್ಕಳ, ಯುವಕರ ಸಂಘಗಳಲ್ಲಿ ಧರ್ಮದ ಪ್ರಶ್ನೆ ಎರಡು ರೂಪದಲ್ಲಿ ಬರುತ್ತದೆ. ಒಂದು, ಬಾಯಲ್ಲಿ ಏನು ಹೇಳಬೇಕು ಎನ್ನುವುದು. ಇನ್ನೊಂದು, ಎಲ್ಲಿ ಹಾಜರಿರಬೇಕು ಎನ್ನುವುದು. ಜಗತ್ತಿನ ಕೋರ್ಟುಗಳೂ ಸಮಿತಿಗಳೂ ಮೊದಲನೆಯದರ ಬಗ್ಗೆ ಬೇಕಾದಷ್ಟು ವಾದಿಸಿವೆ. ಎರಡನೆಯದು ಬಹುಪಾಲು ಸ್ಕೌಟ್ ಮಾಸ್ಟರರ ಸ್ವಭಾವಕ್ಕೆ ಬಿಟ್ಟ ವಿಷಯವಾಗಿಯೇ ಉಳಿದಿದೆ. ಮಗುವಿಗೆ ನಿತ್ಯ ಎದುರಾಗುವುದು ಎರಡನೆಯದೇ ಎಂಬುದು ನನ್ನ ವಾದ.

ಒಂದು ಮಾತು ಮೊದಲೇ ಸ್ಪಷ್ಟಪಡಿಸಬೇಕು. ‘ನಾಸ್ತಿಕ’ ಎಂಬ ಪದವನ್ನು ಇಲ್ಲಿ ಬೇಕೆಂದೇ ಬಳಸಿಲ್ಲ. ಶಾಸ್ತ್ರದ ಲೆಕ್ಕದಲ್ಲಿ ನಾಸ್ತಿಕನೆಂದರೆ ವೇದವನ್ನು ಪ್ರಮಾಣವೆಂದು ಒಪ್ಪದವನು. ಹಾಗಾಗಿ ಜೈನರೂ ಬೌದ್ಧರೂ ಆ ಪಟ್ಟಿಗೆ ಸೇರುತ್ತಾರೆ, ಈಶ್ವರನ ಗೊಡವೆಗೇ ಹೋಗದ ಮೀಮಾಂಸಕ ಮಾತ್ರ ಆಸ್ತಿಕನಾಗಿ ಉಳಿಯುತ್ತಾನೆ. ಈ ತೊಡಕು ತಪ್ಪಲೆಂದು ‘ದೇವರನ್ನೊಪ್ಪದವರು’ ಎಂಬ ಸರಳ ಮಾತನ್ನೇ ಇಟ್ಟುಕೊಂಡಿದ್ದೇನೆ.

ಸ್ಕೌಟ್ ಚಳವಳಿ ಹುಟ್ಟಿದ ಮನೆಯ ಪಕ್ಕದಲ್ಲೇ ಚರ್ಚಿನ ಮನೆಯಿತ್ತು. 1883ರ ಅಕ್ಟೋಬರ್ 4ರಂದು ಗ್ಲಾಸ್ಗೋದಲ್ಲಿ ವಿಲಿಯಂ ಅಲೆಕ್ಸಾಂಡರ್ ಸ್ಮಿತ್ ಬಾಯ್ಸ್ ಬ್ರಿಗೇಡ್ ಕಟ್ಟಿದರು. ಹುಡುಗರಲ್ಲಿ ಕ್ರಿಸ್ತನ ರಾಜ್ಯವನ್ನು ಬೆಳೆಸುವುದೇ ತನ್ನ ಉದ್ದೇಶವೆಂದು ಅದು ಮುಚ್ಚುಮರೆಯಿಲ್ಲದೆ ಸಾರಿಕೊಂಡಿತು. ವಾರದ ಡ್ರಿಲ್ಲು, ಭಾನುವಾರದ ಬೈಬಲ್ ತರಗತಿ ಎರಡೂ ಒಂದೇ ಹುರಿಯ ಎಳೆಗಳು. ಅಲ್ಲಿ ಗೊಂದಲವೇ ಇಲ್ಲ: ಸೇರುವವನಿಗೆ ತಾನು ಎಲ್ಲಿ ಸೇರುತ್ತಿದ್ದೇನೆಂಬುದು ಗೊತ್ತು. 1907ರ ಆಗಸ್ಟಿನಲ್ಲಿ ಬ್ರೌನ್‌ಸೀ ದ್ವೀಪದಲ್ಲಿ ಬೇಡನ್ ಪೊವೆಲ್ ನಡೆಸಿದ ಪ್ರಯೋಗ ಶಿಬಿರಕ್ಕೆ ಬಂದ ಹುಡುಗರಲ್ಲಿ ಕೆಲವರು ಈ ಬ್ರಿಗೇಡಿನವರೇ. ಆದರೆ ಮರುವರ್ಷ ‘ಸ್ಕೌಟಿಂಗ್ ಫಾರ್ ಬಾಯ್ಸ್’ ಪುಸ್ತಕದೊಂದಿಗೆ ಹರಡಿದ ಚಳವಳಿ ಯಾವ ಒಂದು ಚರ್ಚಿಗೂ ಸೇರಿದ್ದಾಗಿರಲಿಲ್ಲ. ಗೊಂದಲ ಶುರುವಾದದ್ದು ಇಲ್ಲಿಂದ. ಎಲ್ಲರಿಗೂ ಬಾಗಿಲು ತೆರೆದ ಸಂಘ ದೇವರನ್ನು ಎಲ್ಲಿ ಕೂರಿಸಬೇಕು?

ಬೇಡನ್ ಪೊವೆಲ್ ಕಂಡುಕೊಂಡ ಉತ್ತರ ಅವರ ಸ್ಕೌಟ್ ಮಾಸ್ಟರ್ ಕೈಪಿಡಿಯಲ್ಲಿದೆ, ಮತ್ತು ಅದನ್ನು ನಿಧಾನವಾಗಿ ಓದಬೇಕು. ಪ್ರತಿ ಸ್ಕೌಟನೂ ಯಾವುದಾದರೊಂದು ಮತಪಂಥಕ್ಕೆ ಸೇರಿರಬೇಕು, ಅದರ ಆರಾಧನೆಗೆ ಹೋಗುತ್ತಿರಬೇಕು ಎನ್ನುವುದು ಒಂದು. ಬೇರೆ ಬೇರೆ ಪಂಥದ ಹುಡುಗರಿರುವ ದಳದಲ್ಲಿ ಪ್ರತಿಯೊಬ್ಬನೂ ತನ್ನ ತನ್ನ ಆರಾಧನೆಗೇ ಹೋಗುವಂತೆ ಪ್ರೋತ್ಸಾಹಿಸಬೇಕು ಎನ್ನುವುದು ಎರಡು. ಶಿಬಿರದಲ್ಲಿ ನಡೆಯುವ ದಿನದ ಪ್ರಾರ್ಥನೆಯೂ ವಾರದ ಆರಾಧನೆಯೂ ಆದಷ್ಟು ಸರಳವಾಗಿರಬೇಕು, ಅದಕ್ಕೆ ಹಾಜರಾಗುವುದು ಹುಡುಗನ ಇಚ್ಛೆಗೆ ಬಿಟ್ಟದ್ದು ಎನ್ನುವುದು ಮೂರು. ಇತರರ ಆರಾಧನೆಯಲ್ಲಿ ಭಾಗವಹಿಸಲು ತನ್ನ ಮತದ ನಿಯಮ ಅಡ್ಡಬರುವ ಹುಡುಗನಿದ್ದರೆ ಆ ನಿಯಮ ಮುರಿಯದಂತೆ ನೋಡಿಕೊಳ್ಳುವ ಹೊಣೆಯೂ ಸ್ಕೌಟ್ ಮಾಸ್ಟರರದ್ದೇ.

ಈ ಮೂರನೆಯ ಅಂಶವನ್ನು ಅನೇಕರು ಎತ್ತಿ ಹಿಡಿಯುತ್ತಾರೆ. ನೋಡಿ, ಬೇಡನ್ ಪೊವೆಲ್ ಆಗಲೇ ಒತ್ತಾಯ ಬೇಡವೆಂದಿದ್ದರು ಎಂದು. ಮೊದಲನೆಯದನ್ನು ಬಿಟ್ಟು ಮೂರನೆಯದನ್ನಷ್ಟೇ ಉದ್ಧರಿಸುವುದು ಪ್ರಾಮಾಣಿಕ ಓದಲ್ಲ. ಅಲ್ಲಿ ಸ್ವಾತಂತ್ರ್ಯವಿದ್ದದ್ದು ಒಂದು ದೇವರಮನೆಯಿಂದ ಇನ್ನೊಂದಕ್ಕೆ ಹೋಗಲು. ಯಾವ ದೇವರಮನೆಗೂ ಹೋಗದಿರುವ ಹುಡುಗ ಆ ನಿಯಮದ ಕಣ್ಣಿಗೇ ಬಿದ್ದಿಲ್ಲ. 1922ರಲ್ಲಿ ಯುವಕರಿಗಾಗಿ ಬರೆದ ‘ರೋವರಿಂಗ್ ಟು ಸಕ್ಸೆಸ್’ ಪುಸ್ತಕದಲ್ಲಿ ಜೀವನದ ದೋಣಿಗೆ ಎದುರಾಗುವ ಬಂಡೆಗಳನ್ನು ಎಣಿಸುವಾಗ ಕುದುರೆ ಜೂಜು, ಹೆಂಡಗಳ ಜೊತೆಗೇ ದೈವಶ್ರದ್ಧೆಯಿಲ್ಲದಿರುವುದನ್ನೂ ಅವರು ಸೇರಿಸಿದರು. ದೇವರನ್ನೊಪ್ಪದವನ ಬಗ್ಗೆ ಬೇಡನ್ ಪೊವೆಲ್ ಉದಾರಿಯಾಗಿದ್ದರು ಎನ್ನಲು ಈ ಪುಸ್ತಕ ಬಿಡುವುದಿಲ್ಲ.

ಅಮೆರಿಕದ ಬಾಯ್ ಸ್ಕೌಟ್ಸ್ ಇದನ್ನು ಇನ್ನೂ ಬಿಗಿ ಮಾಡಿತು. ಬ್ರಿಟನ್ನಿನಿಂದ ತಂದ ನಿಯಮಗಳಿಗೆ 1911ರಲ್ಲಿ ಅವರು ಸೇರಿಸಿದ ಮೂರರಲ್ಲಿ ಹನ್ನೆರಡನೆಯದು, ಸ್ಕೌಟ್ ದೈವಭಕ್ತಿಯುಳ್ಳವನು ಎನ್ನುವುದು. ದೇವರ ಋಣ ಒಪ್ಪದವನು ಉತ್ತಮ ನಾಗರಿಕನಾಗಿ ಬೆಳೆಯಲಾರ ಎಂಬರ್ಥದ ಧಾರ್ಮಿಕ ತತ್ತ್ವದ ಘೋಷಣೆಯೊಂದೂ ಸಂಸ್ಥೆಯ ನಿಯಮಾವಳಿಯಲ್ಲಿ ಬಂತು. ಇಲ್ಲಿ ಒಂದು ವಿಚಿತ್ರ ಗಮನಿಸಬೇಕು. ಹುಡುಗ ಚರ್ಚಿಗೆ ಹೋದನೋ ಇಲ್ಲವೋ ಎಂದು ಹಾಜರಿ ಹಿಡಿಯುವವರು ಅಲ್ಲಿಲ್ಲ. ಯಾವ ದೇವರು ಎಂದೂ ಕೇಳುವುದಿಲ್ಲ. ಆದರೆ ‘ಇಲ್ಲ’ ಎಂದವನಿಗೆ ಬಾಗಿಲು ಮುಚ್ಚಿತು. 1989ರಲ್ಲಿ ಇಲಿನಾಯ್ ರಾಜ್ಯದ ಒಬ್ಬ ಪುಟ್ಟ ಹುಡುಗನನ್ನು ಅವನ ತಂದೆ ಸೇರಿಸಲು ಹೋದರು. ಘೋಷಣೆಗೆ ಒಪ್ಪದ್ದರಿಂದ ಸೇರಿಸಿಕೊಳ್ಳಲಿಲ್ಲ. ವೆಲ್ಶ್ ಪ್ರಕರಣವೆಂದು ಹೆಸರಾದ ಆ ಮೊಕದ್ದಮೆಯಲ್ಲಿ 1993ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ, 1964ರ ನಾಗರಿಕ ಹಕ್ಕು ಕಾಯಿದೆ ಹೇಳುವ ಸಾರ್ವಜನಿಕ ಸ್ಥಳದ ವ್ಯಾಖ್ಯೆಗೆ ಸ್ಕೌಟ್ ಸಂಸ್ಥೆ ಬರುವುದಿಲ್ಲವೆಂದಿತು. ಕ್ಯಾಲಿಫೋರ್ನಿಯಾದ ಅವಳಿ ಸಹೋದರರ ರ್‍ಯಾಂಡಲ್ ಪ್ರಕರಣದಲ್ಲಿ 1998ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್, ಸಂಸ್ಥೆ ವ್ಯಾಪಾರಿ ಸ್ವರೂಪದ್ದಲ್ಲ, ಆದ್ದರಿಂದ ರಾಜ್ಯದ ತಾರತಮ್ಯ ವಿರೋಧಿ ಕಾಯಿದೆ ಅದಕ್ಕೆ ಅನ್ವಯಿಸದು ಎಂದಿತು. ಎರಡೂ ತೀರ್ಪುಗಳು ತಾಂತ್ರಿಕ. ದೇವರನ್ನು ಒಪ್ಪದ ಹುಡುಗ ಒಳ್ಳೆಯ ಸ್ಕೌಟ್ ಆಗಬಲ್ಲನೇ ಎಂಬ ಪ್ರಶ್ನೆಯನ್ನು ಯಾವ ನ್ಯಾಯಾಧೀಶರೂ ಮುಟ್ಟಬೇಕಾಗಿ ಬರಲಿಲ್ಲ.

ಅದೇ ದೇಶದ ಗರ್ಲ್ ಸ್ಕೌಟ್ಸ್ 1993ರಲ್ಲೇ ಬೇರೆ ದಾರಿ ಹಿಡಿಯಿತು: ಪ್ರತಿಜ್ಞೆಯಲ್ಲಿ ‘ದೇವರು’ ಎಂಬಲ್ಲಿ ತನ್ನ ನಂಬಿಕೆಗೆ ಹೊಂದುವ ಮಾತನ್ನು ಹುಡುಗಿ ಇಟ್ಟುಕೊಳ್ಳಬಹುದು. ಒಪ್ಪದ ಕೆಲವು ಪಾಲಕರು ಹೊರಬಂದು 1995ರಲ್ಲಿ ಅಮೆರಿಕನ್ ಹೆರಿಟೇಜ್ ಗರ್ಲ್ಸ್ ಎಂಬ ಕ್ರೈಸ್ತ ಸಂಘ ಕಟ್ಟಿಕೊಂಡರು. ಅವರದ್ದು ನೇರ ನಡೆ ಎಂದೇ ನನಗನ್ನಿಸುತ್ತದೆ. ಮತದ ಸಂಘ ಮತದ ಸಂಘವಾಗಿಯೇ ಇರಲಿ. ತಕರಾರಿರುವುದು ಎಲ್ಲರ ಸಂಘವೆಂದು ಬೋರ್ಡು ಹಾಕಿಕೊಂಡು ಒಳಗೆ ಬಂದವನ ನಂಬಿಕೆಯ ಪಂಚನಾಮೆ ಮಾಡುವುದರಲ್ಲಿ.

ಬ್ರಿಟನ್ ತಡವಾಗಿ ಬದಲಾಯಿತು. ಅಲ್ಲಿನ ಹಿಂದೂ, ಬೌದ್ಧ ಸ್ಕೌಟರು ದೇವರ ಬದಲು ‘ನನ್ನ ಧರ್ಮ’ ಎನ್ನಲು, ಮುಸ್ಲಿಮರು ‘ಅಲ್ಲಾ’ ಎನ್ನಲು ಅವಕಾಶ ಮೊದಲೇ ಇತ್ತು. ಯಾವುದೂ ಇಲ್ಲದವನಿಗೆ ಮಾತ್ರ ಪದವಿರಲಿಲ್ಲ. 2012ರಲ್ಲಿ ಸಾಮರ್ಸೆಟ್ ಕಡೆಯ 11 ವರ್ಷದ ಹುಡುಗನೊಬ್ಬ ನಂಬದ ದೇವರ ಹೆಸರಿನಲ್ಲಿ ಪ್ರತಿಜ್ಞೆ ಮಾಡುವುದಿಲ್ಲವೆಂದು ಹೇಳಿ ಹೊರಗುಳಿದದ್ದು ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಸುಳ್ಳು ಹೇಳದ ಹುಡುಗ ಹೊರಗೆ. ನಾಲಿಗೆ ತುದಿಯಲ್ಲಿ ಹೇಳಿ ಮುಗಿಸಿದವನು ಒಳಗೆ. ಸ್ಕೌಟ್ ನಿಯಮದ ಮೊದಲ ಅಂಶವೇ ವಿಶ್ವಾಸಾರ್ಹತೆ ಎಂಬುದು ಇಲ್ಲಿ ನೆನಪಾಗದಿರದು. ಗೈಡ್ಸ್ ಸಂಸ್ಥೆ 2013ರ ಸೆಪ್ಟೆಂಬರಿನಿಂದ ಪ್ರತಿಜ್ಞೆಯಿಂದ ದೇವರನ್ನು ಎಲ್ಲರಿಗೂ ಕೈಬಿಟ್ಟು, ತನಗೆ ತಾನು ನಿಷ್ಠಳಾಗಿದ್ದು ತನ್ನ ನಂಬಿಕೆಗಳನ್ನು ಬೆಳೆಸಿಕೊಳ್ಳುವ ಮಾತನ್ನು ತಂದಿತು. ಸ್ಕೌಟ್ಸ್ ಸಂಸ್ಥೆ ಹಳೆಯದನ್ನು ಉಳಿಸಿಕೊಂಡೇ, 2014ರ ಜನವರಿಯಿಂದ, ಸ್ಕೌಟ್ ಮೌಲ್ಯಗಳನ್ನು ಎತ್ತಿ ಹಿಡಿಯುವೆನೆಂಬ ಪರ್ಯಾಯ ಪ್ರತಿಜ್ಞೆಯನ್ನು ಪಕ್ಕದಲ್ಲಿಟ್ಟಿತು.

ಈ ಹಿನ್ನೆಲೆಯಲ್ಲಿ ನಮ್ಮ ಅಡಿಟಿಪ್ಪಣಿಯನ್ನು ನೋಡಿದರೆ ಹೆಮ್ಮೆಪಡಬೇಕಾದದ್ದೇ. 1909ರಲ್ಲಿ ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ ಸ್ಕೌಟಿಂಗ್ ಶುರುವಾದಾಗ ಅದು ಯುರೋಪಿಯನ್, ಆಂಗ್ಲೋ ಇಂಡಿಯನ್ ಹುಡುಗರಿಗೆ ಮೀಸಲು. ದೇಶದ ಹುಡುಗರನ್ನು ಹೊರಗಿಟ್ಟದ್ದಕ್ಕೆ ಉತ್ತರವಾಗಿ ಆನಿ ಬೆಸೆಂಟ್ ಒಂದು ಸಂಘ ಕಟ್ಟಿದರು, ಮದನ ಮೋಹನ ಮಾಲವೀಯ, ಹೃದಯನಾಥ ಕುಂಜ್ರು ಮೊದಲಾದವರು ಸೇವಾ ಸಮಿತಿಯ ಹೆಸರಿನಲ್ಲಿ ಇನ್ನೊಂದು ಕಟ್ಟಿದರು. ಥಿಯಾಸಫಿಯ ಬೆಸೆಂಟ್, ಸನಾತನಿ ಮಾಲವೀಯ, ಕ್ರೈಸ್ತ ಶಾಲೆಗಳ ದಳಗಳು, ಇಷ್ಟೆಲ್ಲ ಹಿನ್ನೆಲೆಯ ಚಳವಳಿ ಸ್ವಾತಂತ್ರ್ಯದ ನಂತರ 1950ರ ನವೆಂಬರ್ 7ರಂದು ಒಂದಾಯಿತು. ಗೈಡ್ಸ್ ಸೇರಿದ್ದು 1951ರ ಆಗಸ್ಟ್ 15ರಂದು. ನಮ್ಮ ಈಗಿನ ಒಂಬತ್ತು ನಿಯಮಗಳಲ್ಲಿ ಅಮೆರಿಕದ ಹನ್ನೆರಡನೆಯದಕ್ಕೆ ಸಾಟಿಯಾದದ್ದೊಂದೂ ಇಲ್ಲ. ದೈವಭಕ್ತಿ ನಿಯಮವಲ್ಲ. ಪ್ರತಿಜ್ಞೆಯಲ್ಲಿರುವ ದೇವರಿಗೂ ‘ಧರ್ಮ’ ಎಂಬ ಬದಲಿ ಉಂಟು.

ಆದರೆ ಆ ಬದಲಿ ಪದ ಕನ್ನಡದಲ್ಲಿ ಏನು ಹೇಳುತ್ತದೆ ಎನ್ನುವುದು ಬೇರೆ ಮಾತು. ಹಳೆಯ ಕನ್ನಡದ ಕಿವಿಗೆ ಧರ್ಮವೆಂದರೆ ನಡತೆ, ನ್ಯಾಯ, ಕರ್ತವ್ಯ, ದಾನ. ‘ಧರ್ಮ ಮಾಡಿ ತಾಯಿ’ ಎಂದು ಬಾಗಿಲಲ್ಲಿ ನಿಂತವನು ಯಾರ ಮತವನ್ನೂ ಕೇಳುತ್ತಿಲ್ಲ. ಧರ್ಮಾಸ್ಪತ್ರೆಗೆ ಮತವಿಲ್ಲ, ಧರ್ಮಛತ್ರದ ಊಟಕ್ಕೂ ಧರ್ಮಕ್ಕೂ ಇದ್ದ ನಂಟು ಹಸಿವಿನದ್ದು. ಈ ಅರ್ಥದಲ್ಲಿ ದೇವರನ್ನೊಪ್ಪದ ಹುಡುಗ ಧಾರಾಳವಾಗಿ ‘ಧರ್ಮ’ ಎನ್ನಬಹುದು. ಸೃಷ್ಟಿಕರ್ತನನ್ನು ಒಪ್ಪದ ಜೈನ ಮನೆಯ ಹುಡುಗನಿಗಂತೂ ಇದು ಬದಲಿ ಪದವಲ್ಲ, ಅವನ ಸ್ವಂತ ಪದ. ಇಂದಿನ ಹತ್ತು ವರ್ಷದ ಹುಡುಗನಿಗೆ ಮಾತ್ರ ‘ಧರ್ಮ’ ಪರಿಚಯವಾಗುವುದು ಶಾಲೆಯ ದಾಖಲಾತಿ ಅರ್ಜಿಯ ಕಾಲಂ ಆಗಿ. ಅದರ ಮುಂದೆ ಒಂದು ಪದ, ಕೆಳಗೆ ಜಾತಿ, ಉಪಜಾತಿ. ದೇವರನ್ನು ಬಿಟ್ಟು ಧರ್ಮ ಹಿಡಿ ಎಂದರೆ, ಬಾಣಲೆಯಿಂದ ಬೆಂಕಿಗೆ ಬಿದ್ದ ಹಾಗೆ ಅವನಿಗೆ ಕೇಳಿಸಿದರೆ ತಪ್ಪೇನಿಲ್ಲ. ಅಡಿಟಿಪ್ಪಣಿ ಬರೆದವರ ಮನಸ್ಸಿನ ಅರ್ಥ ಹಿಂದೆ ಸರಿದು ಅರ್ಜಿಯ ಅರ್ಥ ಮುಂದೆ ಬಂದಿದೆ.

ಪದ ಬದಲಿಸಿ ಮನಸ್ಸಾಕ್ಷಿ ಉಳಿಸುವ ಈ ಉಪಾಯ ಸ್ಕೌಟರದ್ದೇ ಅಲ್ಲ. 1880ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿಗೆ ಆಯ್ಕೆಯಾದ ಚಾರ್ಲ್ಸ್ ಬ್ರಾಡ್‌ಲಾ, ದೇವರ ಹೆಸರಿನ ಪ್ರಮಾಣದ ಬದಲು ದೃಢೀಕರಣ ಮಾಡುತ್ತೇನೆಂದಾಗ ಸಭೆ ಒಪ್ಪಲಿಲ್ಲ. ಮತ್ತೆ ಮತ್ತೆ ಗೆದ್ದು ಬಂದ ಅವರು ನೆಮ್ಮದಿಯಾಗಿ ಕೂರಲು 1886 ಆಗಬೇಕಾಯಿತು, ಕಾಯಿದೆ ಬದಲಾಗಲು 1888. ಲಂಡನ್ನಿನಲ್ಲಿ ಕಾನೂನು ಓದುತ್ತಿದ್ದ ಗಾಂಧಿ 1891ರಲ್ಲಿ ಬ್ರಾಡ್‌ಲಾ ಅವರ ಅಂತ್ಯಕ್ರಿಯೆಗೆ ಹೋಗಿದ್ದರು. ನಲವತ್ತು ವರ್ಷಗಳ ನಂತರ, 1931ರ ಡಿಸೆಂಬರಿನಲ್ಲಿ ಸ್ವಿಟ್ಜರ್ಲೆಂಡಿನ ಲೋಸಾನ್‌ನಲ್ಲಿ, ದೇವರೇ ಸತ್ಯ ಎನ್ನುತ್ತಿದ್ದ ತಾನು ಸತ್ಯವೇ ದೇವರು ಎನ್ನುವಲ್ಲಿಗೆ ಏಕೆ ಬಂದೆನೆಂದು ವಿವರಿಸುವಾಗ ಅವರು ನೆನೆದದ್ದು ಈ ಬ್ರಾಡ್‌ಲಾ ಅವರನ್ನೇ. ನಮ್ಮ ಸಂವಿಧಾನದ ಮೂರನೆಯ ಅನುಸೂಚಿಯಲ್ಲಿ ಮಂತ್ರಿಗಳಿಗೂ ಶಾಸಕರಿಗೂ ಎರಡು ದಾರಿಯಿವೆ: ದೇವರ ಹೆಸರು, ಇಲ್ಲವೇ ಶ್ರದ್ಧಾಪೂರ್ವಕ ದೃಢೀಕರಣ. ಅಲ್ಲಿ ಎರಡೂ ಒಂದೇ ಸಾಲಿನಲ್ಲಿ ಸಮನಾಗಿ ನಿಂತಿವೆ. ಒಂದನ್ನು ಅಡಿಟಿಪ್ಪಣಿಗೆ ಇಳಿಸಿಲ್ಲ. 1969ರ ಪ್ರಮಾಣಗಳ ಕಾಯಿದೆ ಇನ್ನೂ ಒಂದು ಹೆಜ್ಜೆ ಮುಂದಿದೆ. 12 ವರ್ಷದೊಳಗಿನ ಮಗು ಸತ್ಯ ಹೇಳಬೇಕೆಂಬುದನ್ನು ಅರಿತಿದ್ದು, ಪ್ರಮಾಣದ ಸ್ವರೂಪ ಅರಿಯದಿದ್ದರೆ, ನ್ಯಾಯಾಲಯ ಪ್ರಮಾಣವಿಲ್ಲದೆಯೇ ಅದರ ಸಾಕ್ಷ್ಯ ಕೇಳಬಹುದು. ಕೊಲೆ ಮೊಕದ್ದಮೆಯ ಕಟಕಟೆಯಲ್ಲಿ ಬೇಡವಾದದ್ದು ಶಾಲೆಯ ಆಟದ ಬಯಲಲ್ಲಿ ಹತ್ತು ವರ್ಷದವನಿಂದ ಬೇಕಾಗುತ್ತದೆ!

ಇಷ್ಟಾದರೂ ಇದೆಲ್ಲ ಬಾಯಿಮಾತಿನ ಕಥೆ. ಪ್ರತಿಜ್ಞೆ ಹುಡುಗನ ಜೀವನದಲ್ಲಿ ಒಮ್ಮೆ ವಿಧಿಯಾಗಿ ಬಂದು, ಆಮೇಲೆ ಅಲ್ಲೊಮ್ಮೆ ಇಲ್ಲೊಮ್ಮೆ ಮರಳುತ್ತದೆ. ಪ್ರಾರ್ಥನೆ ಹಾಗಲ್ಲ. ದಳದ ಸಭೆ, ಧ್ವಜಾರೋಹಣ, ಶಿಬಿರದ ಬೆಳಗು ಎಲ್ಲವೂ ‘ದಯಾ ಕರ್’ ಎಂಬ ಹಿಂದಿ ಪ್ರಾರ್ಥನೆಯೊಂದಿಗೆ ಶುರುವಾಗುತ್ತವೆ. ಅದು ಪರಮಾತ್ಮನನ್ನು ಉದ್ದೇಶಿಸಿ ಭಕ್ತಿಯನ್ನು ಬೇಡುವ ಹಾಡು. ಪ್ರತಿಜ್ಞೆಯ ದೇವರಿಗೆ ಬದಲಿ ಇದೆ, ಪ್ರಾರ್ಥನೆಯ ಪರಮಾತ್ಮನಿಗೆ ಇಲ್ಲ. ದೀಕ್ಷೆಯ ದಿನ ‘ಧರ್ಮ’ ಎಂದು ಹೇಳಿ ದೇವರನ್ನು ಬದಿಗಿಟ್ಟ ಹುಡುಗ ಮರುದಿನ ಬೆಳಿಗ್ಗೆ ಅದೇ ಸಾಲಿನಲ್ಲಿ ನಿಂತು ಕೈಮುಗಿದು ಪರಮಾತ್ಮನನ್ನು ಬೇಡುತ್ತಾನೆ. ಈ ಅಸಂಗತಿಯನ್ನು ಯಾರೂ ದುರುದ್ದೇಶದಿಂದ ಮಾಡಿದ್ದಲ್ಲ. ಹಾಡನ್ನು ಹಾಡೆಂದು ತಿಳಿದು ಬಂದ ಅಭ್ಯಾಸವಷ್ಟೆ.

ಶಿಬಿರದ ಸರ್ವಧರ್ಮ ಪ್ರಾರ್ಥನೆಯೂ ಇಂಥದ್ದೇ. ಜಮಖಾನದ ಮೇಲೆ ಸಾಲಾಗಿ ಚಕ್ಕಳಮಕ್ಕಳ ಹಾಕಿ ಕುಳಿತ ಮಕ್ಕಳು. ಒಬ್ಬಳು ಗೀತೆಯ ಶ್ಲೋಕ ಹೇಳುತ್ತಾಳೆ, ಒಬ್ಬ ಕುರಾನಿನ ಭಾಗ, ಇನ್ನೊಬ್ಬ ಬೈಬಲಿನದು. ನಮ್ಮ ಕಡೆಯಾದರೆ ಒಂದು ವಚನವೂ ಬಂದೀತು. ಕೊನೆಗೆ ಒಂದು ನಿಮಿಷ ಮೌನ. ಪಕ್ಕದವನ ಮನೆಯಲ್ಲಿ ಏನು ಹೇಳುತ್ತಾರೆಂದು ಕಿವಿಯಾರೆ ಕೇಳುವ ಈ ಗಳಿಗೆಯನ್ನು ಹಗುರವಾಗಿ ಕಾಣುವವರ ಗುಂಪಿಗೆ ನಾನು ಸೇರಿದವನಲ್ಲ. ಆದರೆ ಬೇಡನ್ ಪೊವೆಲ್ ಕಾಲದ ಲೆಕ್ಕವೇ ಇಲ್ಲೂ ಮುಂದುವರಿದಿದೆ: ಎಲ್ಲ ಧರ್ಮಗಳೂ ಇವೆ, ಯಾವುದೂ ಇಲ್ಲದವನಿಗೆ ಸರದಿಯಿಲ್ಲ. ಆ ಕೊನೆಯ ಮೌನದ ನಿಮಿಷವೊಂದೇ ಅವನದ್ದು, ಮತ್ತು ಅದೊಂದೇ ನಿಜಕ್ಕೂ ಎಲ್ಲರದ್ದು.

ಕಾನೂನು ಏನನ್ನುತ್ತದೆ? ಸಂವಿಧಾನದ 28ನೆಯ ವಿಧಿಯ ಮೂರನೆಯ ಖಂಡದ ಪ್ರಕಾರ, ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಿಕ್ಷಣ ಸಂಸ್ಥೆಯಲ್ಲಿ ಧಾರ್ಮಿಕ ಬೋಧನೆಯಲ್ಲಿ ಭಾಗವಹಿಸಲು, ಅಲ್ಲಿ ನಡೆಯುವ ಆರಾಧನೆಗೆ ಹಾಜರಾಗಲು, ತನ್ನ ಒಪ್ಪಿಗೆಯಿಲ್ಲದೆ, ಅಪ್ರಾಪ್ತನಾದರೆ ಪಾಲಕರ ಒಪ್ಪಿಗೆಯಿಲ್ಲದೆ, ಯಾರನ್ನೂ ಕಡ್ಡಾಯಪಡಿಸುವಂತಿಲ್ಲ. ಹಾಜರಾತಿಯ ಮಾತನ್ನು ಸಂವಿಧಾನ ಹೆಸರಿಟ್ಟೇ ಎತ್ತಿದೆ ಎಂಬುದು ಮುಖ್ಯ. ನಮ್ಮಲ್ಲಿ ಸ್ಕೌಟ್ ದಳಗಳು ಬಹುಪಾಲು ಶಾಲೆಯ ಅಂಗಳದಲ್ಲೇ, ಶಾಲೆಯ ಶಿಕ್ಷಕರ ಕೈಯಲ್ಲೇ ನಡೆಯುವುದರಿಂದ ಈ ರಕ್ಷಣೆ ದಳದ ಪ್ರಾರ್ಥನೆಗೂ ಸಲ್ಲಬೇಕೆಂದು ನನ್ನ ಓದು. ಸ್ಕೌಟ್ ಸೇರುವುದು ಐಚ್ಛಿಕ, ಸೇರಿದ್ದೇ ಒಪ್ಪಿಗೆ ಎಂದು ಎದುರುವಾದ ಹೂಡಬಹುದು. ಚಾರಣಕ್ಕೂ ಗಂಟು ಹಾಕುವ ವಿದ್ಯೆಗೂ ಸಹಿ ಮಾಡಿದ ತಾಯಿ ಪ್ರಾರ್ಥನೆಗೂ ಸಹಿ ಮಾಡಿದಳೆಂದು ಹೇಳುವುದು ವಕೀಲಿ ಜಾಣ್ಮೆ ಮಾತ್ರ. ಪಾಲಕರ ಒಪ್ಪಿಗೆಯಲ್ಲಿ ಮಗುವಿನ ಮಾತು ಕಳೆದುಹೋಗುವ ಅಪಾಯವೂ ಇದೆ. ಭಾರತ 1992ರಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 14ನೆಯ ವಿಧಿ ಆಲೋಚನೆ, ಮನಸ್ಸಾಕ್ಷಿ, ಧರ್ಮದ ಸ್ವಾತಂತ್ರ್ಯವನ್ನು ಮಗುವಿಗೇ ಕೊಟ್ಟಿದೆ. ಪಾಲಕರದ್ದು ಮಗು ಬೆಳೆದಂತೆ ದಾರಿ ತೋರುವ ಕೆಲಸ.

ದೇಹ ಎಷ್ಟು ಭಾಗವಹಿಸಬೇಕು ಎಂಬುದಕ್ಕೆ ನಮ್ಮ ನ್ಯಾಯಾಲಯಗಳಲ್ಲಿ ಎರಡು ಒಳ್ಳೆಯ ಉದಾಹರಣೆಗಳಿವೆ. 1985ರಲ್ಲಿ ಕೇರಳದ ಶಾಲೆಯೊಂದರಿಂದ ಯೆಹೋವನ ಸಾಕ್ಷಿಗಳ ಪಂಥದ ಮೂವರು ಒಡಹುಟ್ಟಿದ ಮಕ್ಕಳನ್ನು, ರಾಷ್ಟ್ರಗೀತೆ ಹಾಡಲಿಲ್ಲವೆಂದು ಹೊರಹಾಕಿದರು. ಹಾಡುವಾಗ ಆ ಮಕ್ಕಳು ಎದ್ದು ಗೌರವದಿಂದ ನಿಲ್ಲುತ್ತಿದ್ದರು. ತುಟಿ ಮಾತ್ರ ಅಲ್ಲಾಡುತ್ತಿರಲಿಲ್ಲ. 1986ರ ಆಗಸ್ಟ್ 11ರಂದು ಬಿಜೋ ಇಮ್ಯಾನುಯೆಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅವರನ್ನು ಶಾಲೆಗೆ ಮರಳಿ ಸೇರಿಸುವಂತೆ ಆದೇಶಿಸಿತು. ತೀರ್ಪು ಬರೆದವರು ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿ, ನಮ್ಮ ರಾಜ್ಯದ ಮೂರನೆಯ ಹಿಂದುಳಿದ ವರ್ಗಗಳ ಆಯೋಗದ ಮೂಲಕ ಕನ್ನಡಿಗರಿಗೆ ಪರಿಚಿತರಾದವರು. ಎರಡನೆಯದು ನಾಸಿಕದ್ದು. ಶಾಲೆಯ ಪ್ರಾರ್ಥನೆಯ ವೇಳೆ ಕೈಮುಗಿಯದೆ ನಿಲ್ಲುತ್ತಿದ್ದ ಶಿಕ್ಷಕರೊಬ್ಬರಿಗೆ ವೇತನದ ಸೌಲಭ್ಯ ತಪ್ಪಿತ್ತು. ಕೈಮುಗಿಯಲೇಬೇಕೆಂದು ಒತ್ತಾಯಿಸುವಂತಿಲ್ಲವೆಂದು ಬಾಂಬೆ ಹೈಕೋರ್ಟ್ 2013ರಲ್ಲಿ ಹೇಳಿತು. ಮೊದಲನೆಯದರಲ್ಲಿ ತುಟಿ, ಎರಡನೆಯದರಲ್ಲಿ ಕೈ. ಎರಡರಲ್ಲೂ ನಿಂತ ಕಾಲು ಗೌರವಕ್ಕೆ ಸಾಕಾಯಿತು. ಕೇಂದ್ರೀಯ ವಿದ್ಯಾಲಯಗಳ ಬೆಳಗಿನ ಪ್ರಾರ್ಥನೆಯನ್ನು ಪ್ರಶ್ನಿಸಿದ ಅರ್ಜಿಯನ್ನು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಪೀಠವೊಂದು ದೊಡ್ಡ ಪೀಠದ ಪರಿಶೀಲನೆಗೆ ಒಪ್ಪಿಸಿತು.

ಸ್ಕೌಟ್ ದಳದ ಮಟ್ಟಿಗೆ ದೊಡ್ಡ ಪೀಠಕ್ಕೆ ಕಾಯಬೇಕಾದ ಅಗತ್ಯ ನನಗೆ ಕಾಣುವುದಿಲ್ಲ. ಅಡಿಟಿಪ್ಪಣಿಯನ್ನು ಪುಟದ ಬುಡದಿಂದ ಪ್ರತಿಜ್ಞೆಯ ಸಾಲಿಗೇ ಎತ್ತಿ, ‘ದೇವರಿಗೆ ಅಥವಾ ಧರ್ಮಕ್ಕೆ’ ಎಂದು ಅಚ್ಚು ಹಾಕಬಹುದು. ಧರ್ಮವೆಂದರೆ ಅರ್ಜಿಯ ಕಾಲಂ ಅಲ್ಲವೆಂದು ದೀಕ್ಷೆಗೆ ಮುನ್ನ ಎರಡು ಮಾತಿನಲ್ಲಿ ಬಿಡಿಸಿ ಹೇಳಬಹುದು. ಪ್ರಾರ್ಥನೆಗೆ ಮೊದಲು ಸ್ಕೌಟ್ ಮಾಸ್ಟರರು ‘ಹಾಡುವವರು ಹಾಡಿ, ಸುಮ್ಮನೆ ನಿಲ್ಲುವವರು ನಿಲ್ಲಿ’ ಎಂದರೆ ಐದು ಸೆಕೆಂಡಿನ ಕೆಲಸ. ಸುಮ್ಮನೆ ನಿಂತವನ ಬ್ಯಾಡ್ಜಿಗೆ, ಸೋಪಾನಕ್ಕೆ, ರಾಜ್ಯ ಪುರಸ್ಕಾರಕ್ಕೆ ಅದರಿಂದ ಕುತ್ತು ಬರಬಾರದು.

ಈ ಓದುಗರಲ್ಲಿ ಒಂದು ಕಾಲಕ್ಕೆ ಆ ಸ್ಕಾರ್ಫು ಕಟ್ಟಿದವರು ಅನೇಕರಿರುತ್ತೀರಿ. ದೀಕ್ಷೆಯ ದಿನ ‘ಧರ್ಮ’ ಎಂಬ ಇನ್ನೊಂದು ಪದವೂ ಇದೆಯೆಂದು ನಿಮಗೆ ಯಾರಾದರೂ ಹೇಳಿದ್ದರೆ, ಯಾವ ಊರು, ಯಾವ ವರ್ಷ ಎಂಬುದನ್ನು ದಯವಿಟ್ಟು ಬರೆದು ತಿಳಿಸಿ. ಹೇಳಿರದಿದ್ದರೆ, ಅದನ್ನೂ ತಿಳಿಸಿ.